ಮೈದಾನದಲ್ಲಿ ಬರೆದ ಚಹಾ

ಮಿಸ್ರಿಯಾ ಟೀಚರ್ ಸಿಟ್ಟಾದರೆ ತೋಡಾರಿನ ಕಾಗೆಗಳೂ ಅನುಮತಿ ಕೇಳಿಯೇ ಕೂಗುತ್ತಿದ್ದವು. ನಕ್ಕರೆ ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸು ಸ್ಟಾಪ್ ಇಲ್ಲದಲ್ಲೂ ನಿಲ್ಲುತ್ತಿತ್ತು. ಒಂದಕ್ಷರ ಸುಳ್ಳಿದ್ದರೆ ಕೇಳಿ.

ನಿಝಾರ್ ಮೊದಲು ಕಂಡದ್ದು ಸಿಟ್ಟನ್ನು. 2003ರ ದಸರಾ ರಜೆ ಮುಗಿದಿತ್ತಷ್ಟೆ. ಹೈಸ್ಕೂಲಿನ ಏಕೈಕ ಕಂಪ್ಯೂಟರ್ ಕರೆಂಟಿಲ್ಲದೆ ಬಟ್ಟೆ ಹೊದ್ದು ಮಲಗಿತ್ತು. ಮಿಸ್ರಿಯಾ ಒಂಬತ್ತನೆಯ ತರಗತಿಗೆ ಫ್ಲೋಚಾರ್ಟನ್ನು ಮೈದಾನದಲ್ಲೇ ಕಲಿಸುತ್ತಿದ್ದಳು. ಕಬಡ್ಡಿ ಗೆರೆ ಎಳೆಯುವ ಸುಣ್ಣದ ಹುಡಿಯಲ್ಲಿ ಚೌಕಗಳು, ಬಾಣಗಳು, ನಡುವೆ 'ಹಾಲು ಉಂಟಾ?' ಎಂದು ಕೇಳುವ ಒಂದು ದೊಡ್ಡ ಡೈಮಂಡ್. ಮಕ್ಕಳು ಒಂದೊಂದೇ ಚೌಕ ದಾಟುತ್ತಾ ಚಹಾ ಮಾಡಬೇಕು. ವಿಟ್ಲದಿಂದ ಬಂದ ಹೊಸ ಕಂಪ್ಯೂಟರ್ ಸರ್ ನಿಝಾರ್ ನೇರವಾಗಿ ಆ ಡೈಮಂಡಿನೊಳಗೇ ಕಾಲಿಟ್ಟ.

"ಇದೆಂಥ ಟೀಚರ್, ಕಬಡ್ಡಿಯಾ? ನಾನು ಯಾವ ಟೀಮು?"

ಮಿಸ್ರಿಯಾಳ ಹುಬ್ಬು ಗಂಟಾಯಿತು. "ಚಾ ಮಾಡ್ತಾ ಇದ್ದೇವೆ ಸರ್. ನೀವು ಹಾಲಿನ ಮೇಲೆ ನಿಂತಿದ್ದೀರಿ."

ಅವನು ಒಂದು ಕಾಲೆತ್ತಿ ಕೊಕ್ಕರೆಯಾದ. ಮಕ್ಕಳು ಹೋ ಎಂದರು. ಮಿಸ್ರಿಯಾ ತುಟಿ ಕಚ್ಚಿ ಹಿಡಿದಳು. ನಗು ಕೆನ್ನೆಯ ಬದಿಯಿಂದ ತಪ್ಪಿಸಿಕೊಂಡಿತು.

ಅಂದಿನಿಂದ ದಿನಾ ಅವನು ಜಗಲಿಯ ಕಂಬಕ್ಕೆ ಒರಗಿ ನೋಡಿದ ನೋಟಕ್ಕೆ ಕಂಬವೇ ಒಂದು ಬದಿ ಸವೆದುಹೋಯಿತು. ಕನ್ನಡ ಕಲಿಸುವ ಸೇಸಮ್ಮ ಟೀಚರ್ ಬಿಟ್ಟಾರೆಯೇ?

"ಪಾಠ ನೋಡ್ಲಿಕ್ಕಾ ಸರ್, ಪಾಠ ಮಾಡುವವರನ್ನು ನೋಡ್ಲಿಕ್ಕಾ?"

"ಎರಡೂ ಸಿಲೆಬಸ್‌ನಲ್ಲಿ ಉಂಟಲ್ಲ ಟೀಚರ್!"

ಜನವರಿಯ ಒಂದು ಸಂಜೆ ಬಸ್ಸಿನಲ್ಲಿ ಅವನು ಮೆಲ್ಲಗೆ ಕೇಳಿದ. "ಮುಂದಿನ ಶುಕ್ರವಾರ ಮನೆಯಿಂದ ಹಿರಿಯರನ್ನು ಕಳಿಸ್ತೇನೆ. ಆಗಬಹುದಾ?"

ಅವಳು ಕಿಟಕಿಗೆ ಮುಖ ತಿರುಗಿಸಿದಳು. ಕಿವಿ ಮಾತ್ರ ಕೆಂಪಾಗಿ ಒಪ್ಪಿಕೊಂಡಿತು. "ಬರಲಿ. ಯಾರಿಗೆ ಸಕ್ಕರೆ ಬೇಡ ಅಂತ ಮೊದಲೇ ಹೇಳಿ."

ಅದೇ ವಾರ ಬೆಳ್ತಂಗಡಿಯಲ್ಲಿ ಜಿಲ್ಲೆಯ ಶಿಕ್ಷಕರ ಕಾರ್ಯಾಗಾರ. ಅಲ್ಲಿ ಮಾದರಿ ಪಾಠ ಮಾಡಿ ಗೆದ್ದವರು ಇಡೀ ಜಿಲ್ಲೆಗೆ ಫ್ಲೋಚಾರ್ಟ್ ಕಲಿಸುವ ತರಬೇತುದಾರರು. ಮಿಸ್ರಿಯಾ ಅದಕ್ಕಾಗಿ ಕನಸಿನಲ್ಲೂ ಸುಣ್ಣ ಚೆಲ್ಲುತ್ತಿದ್ದಳು. ಆದರೆ ಶಾಲೆಯಿಂದ ಹೋದದ್ದು ನಿಝಾರನ ಹೆಸರು.

"ಕಂಪ್ಯೂಟರ್ ಸರ್ ಅಂತ ನನ್ನದು ಹಾಕಿದ್ದಾರೆ," ಎಂದ ಅವನು. "ಎಂಥದಾದರೂ ತೋರಿಸಿ ಬರ್ತೇನೆ. ನೀವು ಬರುವುದು ಬೇಡ, ವಿಪರೀತ ಬಿಸಿಲು."

ಅವಳು ಸುಣ್ಣದ ಡಬ್ಬದ ಮುಚ್ಚಳವನ್ನು ಗಟ್ಟಿಯಾಗಿ ಒತ್ತಿ ಮುಚ್ಚಿದಳು. ಆದರೂ ಅವನ ಗೆಲುವನ್ನು ಕಣ್ಣಾರೆ ನೋಡುವ ಎಂದು, ಹೇಳದೆ ಬಸ್ಸು ಹತ್ತಿದಳು.

ಬೆಳ್ತಂಗಡಿಯ ಮೈದಾನದಲ್ಲಿ ಸುಣ್ಣದ ಚೌಕಗಳಿದ್ದವು. ಅವಳದೇ ಚಹಾ, ಅವಳದೇ ಡೈಮಂಡ್. "ಇದು ನಾನೇ ಕಂಡುಹಿಡಿದ ವಿಧಾನ," ಎನ್ನುತ್ತಿದ್ದ ನಿಝಾರ್, ಎದೆಯನ್ನು ಪಕ್ಕದೂರು ಲಾಯಿಲದವರೆಗೆ ಉಬ್ಬಿಸಿಕೊಂಡು.

ಮಿಸ್ರಿಯಾಳ ಕಾಲ ಕೆಳಗಿನ ನೆಲ ಪಾತಾಳಕ್ಕೆ ಹೋಗಿ ಬಂತು.

ಮಾದರಿ ಪಾಠಕ್ಕೆ ಕರೆತಂದ ಮಕ್ಕಳಲ್ಲಿ ಡೈಮಂಡಿನಲ್ಲಿ ನಿಂತ ಹುಡುಗಿ ಕೇಳಿದಳು. "ಸರ್, ನಮ್ಮಲ್ಲಿ ಹಾಲಿಲ್ಲ. ನಾನು ಎಲ್ಲಿಗೆ ಹೋಗುವುದು?"

'ಉಂಟು' ಎನ್ನುವವರಿಗೆ ಬಾಣವಿತ್ತು. 'ಇಲ್ಲ' ಎನ್ನುವವರಿಗೆ ಇರಲಿಲ್ಲ. ಆ ಗೆರೆಯನ್ನು ಮಿಸ್ರಿಯಾ ಬೇಕೆಂದೇ ಬಿಡುತ್ತಿದ್ದಳು, ದಾರಿ ಸಿಗದ ಮಗು ತಾನೇ ಯೋಚಿಸಿ ಎಳೆಯಲಿ ಎಂದು. ಪಾಠದ ಜೀವವೇ ಅದು. ಅಷ್ಟು ದಿನ ನೋಡಿದ ನಿಝಾರನ ಕಣ್ಣು ಇದ್ದದ್ದು ಅವಳ ಮೇಲೆ, ನೆಲದ ಗೆರೆಯ ಮೇಲಲ್ಲ.

"ಹಾಲು ಉಂಟು ಅಂತ ಎಣಿಸು," ಎಂದ ಅವನು.

"ಇಲ್ಲ ಅಲ್ವಾ ಸರ್!" ಹುಡುಗಿಯ ಕಣ್ಣು ತುಂಬಿತು. ಸಭೆ ಕಿಸಕ್ಕೆಂದಿತು.

ನಿಝಾರ್ ಆಗ ಮಿಸ್ರಿಯಾಳನ್ನು ಕಂಡ. ಬಣ್ಣ ಇಳಿಯಿತು. ಅವಳು ಅವನ ಮುಖ ನೋಡದೆ ಹುಡುಗಿಯ ಬಳಿಗೆ ನಡೆದಳು.

"ಹಾಲಿಲ್ಲದ ದಿನ ಅಮ್ಮ ಎಂಥ ಮಾಡ್ತಾರೆ ಮಗಾ?"

"ಕಣ್ಣ ಚಾ. ಹಾಲು ಹಾಕುದೇ ಇಲ್ಲ."

"ಹಾಗಾದರೆ ದಾರಿ ನೀನೇ ಮಾಡು." ಸುಣ್ಣದ ಡಬ್ಬ ಕೊಟ್ಟಳು. ಹುಡುಗಿ ಎಳೆದ ಗೆರೆ ಸೊಟ್ಟಗಿತ್ತು, ಆದರೆ ಒಲೆಯ ಚೌಕದವರೆಗೆ ಮುಟ್ಟಿತು. ಚಪ್ಪಾಳೆಗೆ ಊರಿನ ನಾಯಿಗಳೆಲ್ಲ ಎದ್ದು ಕೂತವು.

"ಇವರು ಯಾರು?" ಎಂದರು ಕಾರ್ಯಾಗಾರ ನಡೆಸುತ್ತಿದ್ದ ಅಧಿಕಾರಿ.

ಮಿಸ್ರಿಯಾ ಮೊದಲ ಬಾರಿಗೆ ನಿಝಾರನತ್ತ ನೋಡಿದಳು. ಇಷ್ಟಾದ ಮೇಲೂ ಒಂದು ಮಾತಿಗಾಗಿ ಕಾದಳು.

"ನಮ್ಮ ಶಾಲೆಯ ಟೀಚರ್," ಅವನು ಗಂಟಲು ಸರಿ ಮಾಡಿಕೊಂಡ. "ನನಗೆ ಸಹಾಯಕ್ಕೆ ಬಂದದ್ದು."

ಬಸ್‌ಸ್ಟ್ಯಾಂಡಿಗೆ ಅವನು ಓಡಿಕೊಂಡೇ ಬಂದ. "ಮಿಸ್ರಿಯಾ, ದಮ್ಮಯ್ಯ, ಒಂದು ನಿಮಿಷ. ನಿಮ್ಮ ತಂದೆಯ ಮುಂದೆ ನಿಲ್ಲಲಿಕ್ಕೆ ನನಗೊಂದು ಹೆಸರು ಬೇಕಿತ್ತು. ನಿಮಗಾಗಿಯೇ ಮಾಡಿದ್ದು. ನಿಮ್ಮನ್ನು ಎಷ್ಟು ಪ್ರೀತಿಸ್ತೇನೆ ಅಂತ..."

"ಗೊತ್ತುಂಟು. ಸುಳ್ಳಲ್ಲ ಅಂತಲೂ ಗೊತ್ತುಂಟು." ಅವಳು ಬ್ಯಾಗಿನಿಂದ ಬಸ್ಸಿನ ಚಿಲ್ಲರೆ ತೆಗೆದಳು. "ಕೇಳಿದ್ದರೆ ಕೊಡ್ತಿದ್ದೆ ಸರ್. ಪಾಠವನ್ನೂ, ಹೆಸರನ್ನೂ. ನೀವು ಕೇಳಲೇ ಇಲ್ಲ."

"ಶುಕ್ರವಾರ...?"

"ಹಿರಿಯರಿಗೆ ತೊಂದರೆ ಕೊಡಬೇಡಿ. ನಾಳೆ ಅಧಿಕಾರಿಗೆ ನಾನೇ ಬರೆಯುತ್ತೇನೆ, ಪಾಠ ಯಾರದ್ದು ಅಂತ."

"ಮೂಡ್‌ಬಿದ್ರೆ, ಮೂಡ್‌ಬಿದ್ರೆ!" ಕಂಡಕ್ಟರ್ ಕೂಗಿದ. ಅವಳು ಹತ್ತಿದಳು. ಅವನು ಮೆಟ್ಟಿಲಿಗೆ ಕೈ ಚಾಚಿ, ಹಾಗೇ ಹಿಂದೆಳೆದುಕೊಂಡ.

ಬಸ್ಸು ತಿರುವಿಗೆ ಬಂದಾಗ ಅವಳು ತಿರುಗಿ ನೋಡಿದಳು, ನೋಡಬಾರದೆಂದು ನೂರು ಸಲ ಅಂದುಕೊಂಡವಳು. ಧೂಳಿನ ನಡುವೆ, ಬೆವತು, ಕೆದರಿದ ಕೂದಲಲ್ಲಿ ನಿಂತಿದ್ದ ಅವನು ಚಂದವೇ ಕಾಣುತ್ತಿದ್ದ.

ಅವಳಿಗೆ ಅಳು ಬಂದದ್ದು ಆಗ.