ನಲವತ್ತೊಂದನೇ ನಂಬರಿನ ರಕ್ತ

"ನಮ್ಮವ್ವನ ರಕ್ತ ಯಾರಿಗ್ ಮಾರ್ಬುಟ್ರಿ? ಹೇಳಿ!"

ಸಾತನೂರು ಬಸ್ ನಿಲ್ದಾಣದಲ್ಲಿ ಕೆಂಪರಾಜುವಿಗೆ ಅಡ್ಡ ನಿಂತಳು ಮಾದೇವಿ. ಅವನು ಕೈಯಲ್ಲಿದ್ದ ಕವರನ್ನು ಬಿಗಿಯಾಗಿ ಹಿಡಿದುಕೊಂಡ.

ಏನನ್ನು ಬಚ್ಚಿಡುತ್ತಿದ್ದಾನೆ ಇವನು?

ಎರಡು ತಿಂಗಳ ಹಿಂದೆ ಅವನು ಸಂಶೋಧನೆಗೆಂದು ಊರಿಗೆ ಬಂದಿದ್ದ. ಅಂಡಾಶಯದ ಕ್ಯಾನ್ಸರನ್ನು ಬೇಗ ಪತ್ತೆಹಚ್ಚಲು ಒಂದು ಪ್ರೋಟೀನ್ ನೆರವಾದೀತೇ ಎಂಬ ಹುಡುಕಾಟ.

"ಅದು ಎಲ್ರ ಜೀವಕೋಶದಲ್ಲೂ ಇರ್ತದೆ ಕಣವ್ವಾ. ಗಡ್ಡೆ ಬೆಳೆಯೋವಾಗ ರಕ್ತದಲ್ಲಿ ಜಾಸ್ತಿ ಆಯ್ತದಾ ಅಂತ ನೋಡ್ತಾ ಇದೀವಿ" ಎಂದಿದ್ದ. ಅವ್ವ ಸಿದ್ದಮ್ಮ ನಂಬಿ ರಕ್ತ ಕೊಡಲು ಕೈ ಚಾಚಿದ್ದಳು.

ಆಮೇಲೆ ದಿನವೂ ಮಾದೇವಿಗೆ ಅವನ ಫೋನ್. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಲೇ ಅವಳು ಒಬ್ಬಳೇ ನಗುತ್ತಿದ್ದಳು.

ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಹದಿನೆಂಟು ದಿನ... ಒಂದು ಮಾತಿಲ್ಲ!

"ಕಂಪನಿಗೆ ರಕ್ತ ಮಾರ್ಕೊಂಡು ಓಡೋದ ಕಣೆ" ಎಂದರು ಡೈರಿಯ ಹೆಂಗಸರು.

ಅವಳ ಎದೆಯಲ್ಲಿ ಇನ್ನೂ ಕೆಟ್ಟ ಅನುಮಾನವಿತ್ತು. ಅವ್ವನಿಗೆ ಕಾಯಿಲೆಯಿದೆ ಎಂದು ತಿಳಿದು, ಇಂಥ ಮನೆಯ ಹೆಣ್ಣೇ ಬೇಡವೆಂದನೇ?

"ಮಾರಿಲ್ಲ ಮಾದೇವಿ. ನಿಮ್ಮನೇಗೇ ಹೊರಟಿದ್ದೆ."

"ಸುಳ್ಳು! ಫೋನ್ ಯಾಕ್ ಎತ್ಲಿಲ್ಲ?"

"ನಲವತ್ತೊಂದನೇ ನಂಬರಿನ ರಕ್ತದಲ್ಲಿ ಪ್ರೋಟೀನ್ ವಿಪರೀತ ಇತ್ತು. ಅದು ನಿಮ್ಮವ್ವಂದು... ಸೀಸೆಗೆ ನಂಬರ್ ಚೀಟಿ ಅಂಟಿಸ್ದೋನೇ ನಾನು. ನಮ್ ಸಂಸ್ಥೆಯೋರ ಅಪ್ಪಣೆ ಇಲ್ದೆ ಹೇಳಂಗಿರ್ಲಿಲ್ಲ. ತಪ್ಪಾಗಿದ್ರೆ ಸುಮ್ನೆ ಹೆದರಿಸ್ದಂಗೆ ಆಗೋದು. ಎರಡು ಸಲ ಮತ್ತೆ ಪರೀಕ್ಷೆ ಮಾಡಿಸ್ದೆ. ನಿನ್ ದನಿ ಕೇಳಿದ್ರೆ ಬಾಯ್ ಬಿಟ್ಬುಡ್ತೀನಿ ಅಂತ..."

ಅವನು ಕವರು ಕೊಟ್ಟ. ನಿನ್ನೆಯ ತಾರೀಖಿನ ಅಪ್ಪಣೆ ಪತ್ರ. ಸೀಲು, ಸಹಿ... ಮಾದೇವಿ ಎರಡು ಸಲ ಓದಿದಳು. ಆದರೂ ನಂಬಿಕೆ ಬರಲಿಲ್ಲ.

"ಬೇರೆ ಡಾಕ್ಟ್ರಿಗೆ ತೋರುಸ್ತೀನಿ. ನಿಮ್ಮೋರಿಗಲ್ಲ."

"ಯಾರಿಗಾದ್ರೂ ತೋರ್ಸು. ಗಡ್ಡೆ ಇರ್ಲೇಬೇಕು ಅಂತೇನಿಲ್ಲ, ಆದ್ರೆ ಸ್ಕ್ಯಾನ್ ಆಗ್ಲೇಬೇಕು. ಇವತ್ತೇ ಹೊರಡಿ!"

ಅವಳೇ ಆರಿಸಿದ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದರು: "ಸಣ್ಣ ಗಡ್ಡೆ ಇದೆ. ಹರಡಿದಂತೆ ಕಾಣೋದಿಲ್ಲ. ನೋವು ಶುರುವಾಗೋ ತನಕ ಕಾದಿದ್ರೆ ಕಷ್ಟ ಆಗ್ತಿತ್ತು."

ಹೊರಗೆ ಬಂದವಳೇ ಮಾದೇವಿ ಕೆಂಪರಾಜುವಿಗೆ ಫೋನ್ ಮಾಡಿದಳು.

ಆಪರೇಷನ್ ಆದ ಮೂರನೆಯ ದಿನ ಸಿದ್ದಮ್ಮ ಒಸಿ ಗಂಜಿ ಕುಡಿದಳು. ಹೊರಗೆ ಬೆಂಚಿನ ಪಕ್ಕ ಕೆಂಪರಾಜು ನಿಂತೇ ಇದ್ದ.

"ನಾಳೆ ನನ್ ರಕ್ತದಲ್ಲೂ ಅದು ಜಾಸ್ತಿ ಬಂದ್ರೆ?" ಬೆಂಚಿನ ಮೇಲೆ ಕೂತಿದ್ದ ಮಾದೇವಿ ಕೇಳಿದಳು.

"ಬಂದ್ರೆ ಇಬ್ರೂ ಆಸ್ಪತ್ರೆಗೆ ಬರೋಣ. ಆವಾಗ್ಲೂ ಇದ್ನೇ ಕೇಳ್ತೀನಿ... ನನ್ನ ಮದ್ವೆ ಆಗ್ತೀಯಾ?"

ಅವಳು ಕಣ್ಣೊರೆಸಿಕೊಂಡು ಬೆಂಚಿನಲ್ಲಿ ಪಕ್ಕಕ್ಕೆ ಸರಿದಳು.

"ಹೂಂ... ಮೊದ್ಲು ಕೂತ್ಕೊಳ್ಳಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು."