ಹಿಂದಿನ ಸಾಲಿಗೆ ಕಂಡದ್ದು

ಆಸ್ಪತ್ರೆಯ ವಾರ್ಡಿನ ಬಾಗಿಲಿಗೆ ಕಟ್ಟಿದ್ದ ಮಲ್ಲಿಗೆಯ ಮಾಲೆ ಮಂದಾಕಿನಿಯ ಕಣ್ಣೆದುರಿಗೇ ನೀಲಿಯಾಯಿತು. ಒಳಗೆ ಯಾರೋ ಒಮ್ಮೆ ಕೆಮ್ಮಿದ್ದರು, ಅಷ್ಟೆ. ಮೊದಲು ಎಸಳುಗಳ ಅಂಚು, ಆಮೇಲೆ ನಡು. ನೀರಿಗೆ ಶಾಯಿ ಬಿದ್ದ ಹಾಗೆ.

ಆ ಹೂವನ್ನು ರೂಪಿಸಿದವಳು ಅವಳೇ. ಜ್ವರದ ವೈರಾಣು ಗಾಳಿಯಲ್ಲಿ ತೇಲಿಬಂದು ಎಸಳಿಗೆ ತಾಗಿದರೆ, ಅದರ ಕೋಶಗಳಲ್ಲಿ ಮಲಗಿರುವ ನೀಲಿವರ್ಣ ಎಚ್ಚರಗೊಳ್ಳುತ್ತದೆ. ಅದಕ್ಕೆ ತಕ್ಕಂತೆ ಅವಳು ಮಲ್ಲಿಗೆಯ ವಂಶವಾಹಿಯನ್ನು ತಿದ್ದಿದ್ದಳು. ಕೊಯ್ದ ಹೂವು ಕೂಡ ಬಾಡುವ ತನಕ ಕಾವಲು ಕಾಯುತ್ತಿತ್ತು. ಗುರುತಿಗೆಂದು ಪ್ರತಿ ಎಸಳಿನ ತುದಿಯಲ್ಲೂ ಒಂದು ಸಣ್ಣ ಕಚ್ಚು ಬಿಟ್ಟಿದ್ದಳು. 'ಅರಿವುಮಲ್ಲಿಗೆ' ಎಂದು ಹೆಸರಿಟ್ಟವನು ಅವಳ ಗಂಡ ಶ್ರೀಕಂಠ. ಅಂದು ವಾರ್ಡಿನೊಳಗೆ ಕೆಮ್ಮಿದವನೂ ಅವನೇ.

ಅವನು ತೀರಿಕೊಂಡ ವಾರ ಸರ್ಕಾರದ ಪ್ರಕಟಣೆ ಬಂತು. ಕಲ್ಲುಹೊಳೆ ಊರಿನಲ್ಲಿ ಸೋಂಕಿಲ್ಲ, ಇರುವುದು ಹವಾಮಾನದ ಜ್ವರ. ಚುನಾವಣೆ ಹತ್ತಿರವಿತ್ತು. ಆರೋಗ್ಯ ಸಚಿವ ಶಿವಪುತ್ರಪ್ಪನವರು ತಾವೇ ಸಂಶೋಧನಾಲಯಕ್ಕೆ ಬಂದರು.

"ಹೂವು ಭಾಳ ಚೆನ್ನಾಗಿದೆ ಡಾಕ್ಟ್ರಮ್ಮ. ಈ ನೀಲಿ ಆಗೋದೊಂದು ನಿಲ್ಸೋಕಾಗುತ್ತಾ?"

"ನಿಲ್ಲಿಸಿದರೆ ಅದು ಬರೀ ಮಲ್ಲಿಗೆ ಸರ್."

"ಬರೀ ಮಲ್ಲಿಗೇನೇ ಸಾಕಲ್ವೇನಮ್ಮ ಜನಕ್ಕೆ?"

ಮರುದಿನ ಸಂಶೋಧನಾಲಯದ ಹಿತ್ತಲಿನ ಗಿಡಗಳನ್ನು ಕಿತ್ತು ಸುಡಲು ಆಳುಗಳು ಬಂದರು. ಮಂದಾಕಿನಿ ಕಿಟಕಿಯ ಬಳಿ ನಿಂತು ನೋಡಿದಳು. ಅವಳಿಗೆ ಅಳು ಬರಲಿಲ್ಲ. ಕಾಯಿಲೆಯನ್ನು ಅದರ ಹೆಸರು ಹಿಡಿದು ಯಾರಾದರೂ ಒಮ್ಮೆ ಕೂಗಬೇಕು ಎಂಬುದೊಂದೇ ಅವಳಲ್ಲಿ ಉಳಿದ ಆಸೆ.

ಬೇಸಿಗೆಯಲ್ಲಿ ಅಡಗಿದ್ದ ಜ್ವರ ಮುಂದಿನ ಚಳಿಗಾಲಕ್ಕೆ ರಾಜಧಾನಿಯಲ್ಲಿ ಮತ್ತೆ ಕಾಣಿಸಿಕೊಂಡಿತು. ಆ ಸುದ್ದಿ ಹೊರಗೆ ಬರಲಿಲ್ಲ. ಬದಲಿಗೆ ಕಲ್ಲುಹೊಳೆಯ ಸಭಾಭವನದಲ್ಲಿ ತಾಯಂದಿರ ಸಮಾವೇಶ ಏರ್ಪಟ್ಟಿತು. ಬಂದವರಿಗೆಲ್ಲ ಅರಿಶಿನ ಕುಂಕುಮ, ಹೂವು, ಸೀರೆ. ಸಚಿವರನ್ನು ಎಲ್ಲರೆದುರು ಕೇಳಿಯೇಬಿಡಬೇಕೆಂದು ಮಂದಾಕಿನಿ ಹೋದಳು. ಬಾಗಿಲಲ್ಲಿ ಹೂವು ಕೊಡುತ್ತಿದ್ದ ಹುಡುಗಿಯ ಕೈ ಅವಳ ಬರಿಯ ಹಣೆ ಕಂಡು ಅರೆಗಳಿಗೆ ತಡೆಯಿತು. ಬುಟ್ಟಿ ಹಿಂದಿನವಳ ಕಡೆಗೆ ಸರಿಯಿತು. ಆ ಅರೆಗಳಿಗೆಯಲ್ಲಿ ಅವಳು ಬುಟ್ಟಿಯೊಳಗೆ ನೋಡಿದಳು. ಪ್ರತಿ ಎಸಳಿಗೂ ಕಚ್ಚು.

ಪಕ್ಕದಲ್ಲಿ ಹೂವಾಡಗಿತ್ತಿ ಹಂಪವ್ವ ಮಾಲೆ ಬಿಡಿಸುತ್ತಿದ್ದಳು.

"ಈ ಹೂವು ಎಲ್ಲಿಂದ ಬಂತು?"

"ನಿಮ್ಮ ಹಿತ್ತಲದ್ದೇ ಅವ್ವಾರ! ಕಿತ್ತಾಕ ಬಂದೋರೊಳಗ ನಾನೂ ಇದ್ದೆ. ಸುಡು ಅಂದ್ರು. ಮಲ್ಲಿಗಿ ಗಿಡ ಯಾರರ ಸುಡ್ತಾರೇನ್ರಿ, ಹುಚ್ಚರು! ಮನಿಗೊಂದು ಒಯ್ದ್ವಿ. ಈಗ ಊರ ತುಂಬ ಇದ ಹೂವು."

"ಇದು ನೀಲಿಯಾದರೆ ಏನು ಅಂತ ಗೊತ್ತಾ?"

"ನೀಲಿ? ಮಲ್ಲಿಗಿ ಎಲ್ಲರ ನೀಲಿ ಆಗ್ತೈತೇನ್ರಿ?"

ಮಂದಾಕಿನಿ ಹೇಳಿದಳು. ಹಂಪವ್ವನ ಕೈಯಲ್ಲಿದ್ದ ಮಾಲೆ ಹಾಗೆಯೇ ನಿಂತಿತು.

ಅವರಿಬ್ಬರೂ ಕೂತದ್ದು ಕೊನೆಯ ಸಾಲಿನಲ್ಲಿ. ಯಾರೂ ಹೇಳಿರಲಿಲ್ಲ, ಆದರೂ ಹೂವು ಮುಡಿಯದವರೆಲ್ಲ ಅಲ್ಲಿಯೇ ಸೇರಿದ್ದರು. ಹಂಪವ್ವನೂ ಅವರಲ್ಲೊಬ್ಬಳು, ಊರಿಗೆಲ್ಲ ಹೂವು ಮಾರಿದರೂ ತಾನು ಮುಡಿದವಳಲ್ಲ. ಮುಂದೆ ಸಾಲುಸಾಲು ಹೆರಳುಗಳು, ಅವುಗಳ ಮೇಲೆ ಹಾಲು ಚೆಲ್ಲಿದಂತೆ ಬಿಳುಪು.

ಗಂಧದ ಹಾರ ಹಾಕಿಸಿಕೊಂಡು ಸಚಿವರು ಮಾತಿಗೆ ನಿಂತರು. "ನನ್ನ ತಾಯಂದಿರೇ" ಎಂದರು. ಕೆಮ್ಮಿದರು. ಕರವಸ್ತ್ರದಲ್ಲಿ ಬಾಯಿ ಒತ್ತಿಕೊಂಡು ನಕ್ಕರು. ವೇದಿಕೆಯ ಹಿಂದಿನ ದೊಡ್ಡ ಗಾಳಿಯಂತ್ರ ತಿರುಗುತ್ತಲೇ ಇತ್ತು.

ಮೊದಲ ಸಾಲಿನ ನಡುವೆ ಒಂದು ಹೆರಳು ನೀಲಿಯಾಯಿತು. ಅದರ ಎಡಬಲದಲ್ಲಿ ಎರಡು. ಆಮೇಲೆ ಆ ಸಾಲೇ. ಎರಡನೆಯದು. ಬೆಳಗಿನ ಬೆಳಕು ಬಯಲಿಗಿಳಿಯುವಂತೆ ಆ ನೀಲಿ ಒಂದಿಷ್ಟೂ ಸದ್ದಿಲ್ಲದೆ ಹಿಂದಕ್ಕೆ ಹರಿದುಬಂತು. ಪ್ರಯೋಗಶಾಲೆಯಲ್ಲಿ ಮಂದಾಕಿನಿ ಒಂದೊಂದೇ ಹೂವನ್ನು ನೋಡಿದ್ದಳು. ಕಾಯಿಲೆ ನಡೆಯುವುದನ್ನು ನೋಡಿರಲಿಲ್ಲ. ಅದು ಇಷ್ಟು ಸುಂದರವಾಗಿರುತ್ತದೆಂದು ಅವಳು ನೆನೆಸಿರಲಿಲ್ಲ.

ಮುಡಿದವಳಿಗೆ ತನ್ನ ಹೂವು ಕಾಣುವುದಿಲ್ಲ. ಸಚಿವರಿಗೆ ಕಾಣುತ್ತಿದ್ದುದು ಮುಖಗಳು ಮಾತ್ರ. ಮುಂದಿನವಳ ಹೂವು ಕಂಡವರು ಅದೇನೋ ಹೊಸ ಬಗೆಯೆಂದು ಮೆಚ್ಚುತ್ತಿದ್ದರು. ಪೂರ್ತಿ ಕಂಡದ್ದು ಹಿಂದಿನ ಸಾಲಿಗೆ.

ಹಂಪವ್ವ ಎದ್ದು ನಿಂತಳು. ಬೀದಿ ಬೀದಿಯಲ್ಲಿ ಹೂವು ಕೂಗಿ ಪಳಗಿದ ಗಂಟಲು. "ಹೂವು ನೀಲಿ ಆಗ್ಯಾವ್ರವ್ವೋ! ಅಂಟುಜ್ವರ ಬಂದೈತಿ! ಏಳ್ರಿ, ಹೊರಗ ನಡೀರಿ!"

"ದೀಪದ ಬಣ್ಣ ಅದು, ಕೂತ್ಕೊಳ್ಳಿ ತಾಯೀ," ಎಂದರು ಸಚಿವರು. ಮತ್ತೆ ಕೆಮ್ಮಿದರು.

ಅಷ್ಟರಲ್ಲಿ ಮಂದಾಕಿನಿ ಹಿಂಬಾಗಿಲುಗಳನ್ನು ತೆರೆದಿದ್ದಳು. ಬರಿತಲೆಯ ಹೆಂಗಸರು ಮುಖಕ್ಕೆ ಸೆರಗು ಕಟ್ಟಿಕೊಂಡು ಸಾಲುಗಳ ನಡುವೆ ನುಗ್ಗಿದರು. ಶುಭಕಾರ್ಯದಲ್ಲಿ ಯಾರನ್ನೂ ಮುಟ್ಟದೆ ದೂರ ನಿಲ್ಲುತ್ತಿದ್ದ ಆ ಕೈಗಳು ಒಬ್ಬೊಬ್ಬಳ ಹೆಗಲು ಹಿಡಿದು, "ನಿಂದು ಬೆಳ್ಳಗೈತಿ, ಹಿಂಗ ಓಡು, ನಿಂದು ನೀಲಿ ತಂಗಿ, ಆಚೀಕಡೆ ದವಾಖಾನಿ ಗಾಡಿಗೆ ನಡಿ," ಎಂದು ಬೇರ್ಪಡಿಸಿದವು. ಅರ್ಧ ಸಭೆ ಬಿಳಿಯ ಹೂವಿನೊಡನೆ ಹೊರಬಂತು. ಕಾಯಿಲೆಯ ಹೆಸರು ಊರಿನ ಬಾಯಿಗೆ ಬಿತ್ತು. ಇನ್ನು ಅದನ್ನು ಯಾರೂ ಮುಚ್ಚುವಂತಿರಲಿಲ್ಲ.

ಹೊರಗೆ ಮರದ ಕೆಳಗೆ ಹಂಪವ್ವ ಬುಟ್ಟಿಯಲ್ಲಿ ಉಳಿದ ಒಂದು ಮೊಳ ಮಾಲೆಯನ್ನು ಹರಿದು ಎರಡು ಮಾಡಿದಳು.

"ತಲಿ ಬಗ್ಗಿಸ್ರಿ."

"ನಾನು ಮುಡಿಯುವುದಿಲ್ಲ ಹಂಪವ್ವ."

"ಚೆಂದಕ್ಕಲ್ಲವ್ವಾ. ನಾವೂ ಒಳಗ ಹೋಗಿ ಬಂದೀವಿ. ನಮಗೇನಾಗೇತಿ ಅಂತ ಯಾರರ ನೋಡಬೇಕಲ್ಲ."

ಮಂದಾಕಿನಿ ತಲೆ ಬಗ್ಗಿಸಿದಳು. ಆಮೇಲೆ ಹಂಪವ್ವನ ನರೆತ ತುರುಬಿಗೆ ತಾನೂ ಸಿಕ್ಕಿಸಿದಳು. ಊರಿನ ದಾರಿ ಹಿಡಿದರು. ಸ್ವಲ್ಪ ದೂರ ಒಬ್ಬಳು ಮುಂದೆ, ಸ್ವಲ್ಪ ದೂರ ಇನ್ನೊಬ್ಬಳು.

"ಹಂಪವ್ವ, ಇದ್ದದ್ದು ಇದ್ದ ಹಾಗೆ ಹೇಳು."

"ಹೇಳ್ತೀನಿ. ನಡೀರಿ ಮುಂದ. ಇನ್ನೂ ಬೆಳ್ಳಗೈತಿ."