ಒಳಮಗ್ಗುಲಿನ ಕೆಂಪು ಎಳೆ

"ಇದನ್ನ ಹೊಲಿದಾಕಿ ನೀವ ಏನ್ರಿ?"

ಕಪ್ಪು ಕೋಟನ್ನು ಕೌಂಟರಿನ ಮೇಲೆ ರಪ್ಪನೆ ಎಸೆದು ಅವನು ಕೇಳಿದ ರಭಸಕ್ಕೆ ಸಮ್ರೀನಳ ಕೈಯ ಸೂಜಿ ಅವಳ ಬೆರಳಿಗೇ ಚುಚ್ಚಿತು. ಮೂಗಿಗೆ ತಾಗುವಂತೆ ಹಿಡಿದಿದ್ದ ಬಟ್ಟೆಯನ್ನು ಕೆಳಗಿಟ್ಟು, ಪಕ್ಕದಲ್ಲಿದ್ದ ಕನ್ನಡಕ ಏರಿಸಿದಳು. ಆಗ ಕಂಡ... ಹಣೆಯ ಮೇಲೆ ಆಯಿಲ್ ಮಸಿ, ಕಣ್ಣಲ್ಲಿ ಕೆಂಡದಂಥ ಸಿಟ್ಟು!

"ಹೌದ್ರಿ. ಏನಾತು?"

"ಕಪ್ಪು ಕೋಟಿಗೆ ಕೆಂಪು ದಾರ! ಇದು ನಂದಲ್ರಿ. ತಂಗಿ ಮದುವಿಗಂತ ಗೆಳ್ಯಾ ಹರೀಶನ ಹತ್ರ ಇಸ್ಕೊಂಡಿದ್ದು. ಗ್ಯಾರೇಜಿನ್ಯಾಗ ವೆಲ್ಡಿಂಗ್ ಕಿಡಿ ಸಿಡಿದು ತೂತು ಬಿತ್ತು. ಅಂವಗ ಗೊತ್ತಾಗಬಾರದಂತ ದಾಂಡೇಲಿಯಿಂದ ಹಳಿಯಾಳತನಕ ಬಂದು ರಫೂ ಮಾಡ್ಸಿದ್ರ..."

ರಫೂ ಎಂದರೆ ಸುಮ್ಮನೆ ತೇಪೆ ಹಚ್ಚುವುದಲ್ಲ. ಬಟ್ಟೆಯ ಅಂಚಿನಿಂದಲೇ ಕೂದಲೆಳೆಯಂಥ ನೂಲು ಬಿಡಿಸಿ, ತೂತಿನ ಜಾಗದಲ್ಲಿ ಒಂದೊಂದಾಗಿ ನೇಯ್ದು, ಇಲ್ಲಿ ತೂತೇ ಇರಲಿಲ್ಲ ಎನ್ನಿಸುವುದು. ಹಳಿಯಾಳದ ಪೇಟೆಯಲ್ಲಿ ಆ ಕೆಲಸಕ್ಕೆ ನಬೀಸಾಬರ ಅಂಗಡಿಯೇ ಗತಿ. ಆದರೆ ನಬೀಸಾಬರ ಕಣ್ಣು ಹೋಗಿ ಹನ್ನೆರಡು ವರ್ಷ. ಈಗ ಸೂಜಿ ಹಿಡಿಯುವವಳು ಮಗಳು ಸಮ್ರೀನ.

ಮೂಲೆಯ ಸ್ಟೂಲಿನಿಂದ ನಬೀಸಾಬರೇ ಕೇಳಿದರು. "ತಮ್ಮಾ, ಹೊರಮಗ್ಗುಲಾಗ ಏನರ ಕಾಣ್ತದೇನು?"

"...ಇಲ್ರಿ."

"ಒಳಮಗ್ಗುಲಾಗ ಒಂದ ಎಳಿ ಬ್ಯಾರೆ ಬಣ್ಣದ್ದು ಬಿಡೂದು ನಮ್ಮ ಅಂಗಡಿ ರಿವಾಜು. ಇಲ್ಲೆ ಹರಿದಿತ್ತು ಅಂತ ಬಟ್ಟಿ ತೊಡಾವ್ರಿಗೆ ತಿಳೀಬೇಕು. ತೂತು ಮುಚ್ಚೂದು ನಮ್ಮ ಕೆಲಸ, ಸುಳ್ಳು ಹೇಳೂದಲ್ಲ."

ಹುಡುಗ ಕೋಟು ಎತ್ತಿಕೊಂಡು ಬಂದಷ್ಟೇ ಬಿರುಸಾಗಿ ಹೊರಟುಹೋದ.

'ಹೋದ ಪೀಡೆ!' ಎಂದುಕೊಂಡಳು ಸಮ್ರೀನ.

ಪೀಡೆ ವಾರದೊಳಗೆ ಮತ್ತೆ ಬಂತು! ಈ ಸಲ ಹಣೆ ತೊಳೆದಿತ್ತು, ಕಣ್ಣು ನಗುತ್ತಿತ್ತು.

"ಹರೀಶಗ ಎಲ್ಲಾ ಹೇಳಿಬಿಟ್ಟೆರಿ. ಅಂವ ನಕ್ಕ. ನನ್ನ ಎದಿ ಹಗುರಾತು..." ಎಂದವನು ಒಂದು ಶರ್ಟು ಮುಂದಿಟ್ಟ. "ಇದಕ್ಕೂ ರಫೂ ಬೇಕಿತ್ತು."

ಅವನ ಹೆಸರು ಅರ್ಬಾಜ. ಆಮೇಲಿನ ಮೂರು ತಿಂಗಳಲ್ಲಿ ದಾಂಡೇಲಿಯ ಆ ಗ್ಯಾರೇಜಿನಲ್ಲಿ ಶರ್ಟುಗಳು ಹರಿದ ಪರಿ ಕೇಳಬೇಡಿ. ಕತ್ತರಿಯಿಂದ ಕತ್ತರಿಸಿದ ತೂತು ಯಾವುದು, ತಾನಾಗಿ ಹರಿದದ್ದು ಯಾವುದು ಎಂದು ರಫೂ ಮಾಡುವವಳಿಗೆ ತಿಳಿಯದೆ ಇರುತ್ತದೆಯೇ? ಅವಳು ಸುಮ್ಮನೆ ತಲೆ ಬಗ್ಗಿಸಿ ನಗು ನುಂಗುತ್ತಿದ್ದಳು. ಅವನು ಬೆಂಚಿನ ಮೇಲೆ ಕೂತು, ಕನ್ನಡಕ ತೆಗೆದಿಟ್ಟು ಎಳೆ ಹುಡುಕುವ ಅವಳನ್ನೇ ನೋಡುತ್ತಿದ್ದ.

"ಏನ್ ಕಣ್ರಿ ನಿಮ್ಮು! ಇಷ್ಟು ಸಣ್ಣ ಎಳಿ ನಂಗ ಕಾಣಂಗೂ ಇಲ್ಲ."

ಆ ಮಾತಿಗೆ ಅವಳು ಉತ್ತರಿಸಲಿಲ್ಲ. ಅಲ್ಲೇ ಹೇಳಿಬಿಟ್ಟಿದ್ದರೆ ಮುಂದಿನ ಅರ್ಧ ನೋವು ತಪ್ಪುತ್ತಿತ್ತು. ಆದರೆ ಮೆಚ್ಚಿದವನ ಬಾಯಿಂದ ಬಂದ ಹೊಗಳಿಕೆಯನ್ನು ಯಾವ ಹುಡುಗಿ ತಿದ್ದುತ್ತಾಳೆ ಹೇಳಿ?

ಸಮ್ರೀನಳ ಕನ್ನಡಕದ ನಂಬರು ಹನ್ನೊಂದು. ಅದಿಲ್ಲದಿದ್ದರೆ ಗೇಣುದ್ದದ ಆಚೆ ಎಲ್ಲವೂ ಮಂಜು. ಗೇಣಿನೊಳಗೆ ಮಾತ್ರ ಬೇರೆಯವರಿಗೆ ಕಾಣದ್ದೂ ಅವಳಿಗೆ ಕಾಣುತ್ತಿತ್ತು. ಅವಳ ಮನೆಯ ಅನ್ನ ಆ ಗೇಣಿನೊಳಗೇ ಬೇಯುತ್ತಿತ್ತು.

ಕೊನೆಗೆ ಅರ್ಬಾಜ ಮನೆಯಲ್ಲಿ ಮಾತೆತ್ತಿದ. ಒಂದು ಶುಕ್ರವಾರ ಅವನ ತಾಯಿ ಹುಡುಗಿ ನೋಡಲು ಬಂದರು.

"ಚಷ್ಮಾ ತಗಿ," ಎಂದಳು ಸಮ್ರೀನಳ ಅಮ್ಮಿ ಸಿರಾಜುನ್ನಿಸಾ.

"ಅಮ್ಮಿ, ಏನೂ ಕಾಣಂಗಿಲ್ಲ ನಂಗ!"

"ಅವ್ರು ನಿನ್ನ ನೋಡಾಕ ಬಂದಾರ. ನೀ ಏನ್ ನೋಡ್ತೀ?"

ಕನ್ನಡಕ ಅಕ್ಕಿ ಡಬ್ಬಿಯೊಳಗೆ ಹೋಯಿತು. ಸಮ್ರೀನ ಮನಸ್ಸಿನಲ್ಲೇ ಹೆಜ್ಜೆ ಎಣಿಸುತ್ತ ಚಹಾದ ಟ್ರೇ ತಂದಳು. ಬಣ್ಣದ ಮುದ್ದೆಗಳಂತೆ ಕಂಡ ಹೆಂಗಸರಿಗೆ ಸಲಾಂ ಹೇಳಿದಳು. ಬಾಗಿಲಲ್ಲಿ ಒಂದು ಕಪ್ಪು ನೆರಳಿತ್ತು. ಕಂಬವೋ ಮನುಷ್ಯನೋ ತಿಳಿಯದೆ ಅತ್ತ ನೋಡಿ, ಮುಖ ತಿರುಗಿಸಿ ಒಳಗೆ ನಡೆದಳು.

ಅದು ಅರ್ಬಾಜ! ತಾಯಿಯನ್ನು ಗಾಡಿಯಲ್ಲಿ ಕರೆತಂದವನು, ಹಿರಿಯರ ಮುಂದೆ ಮಾತಾಡಲಾಗದೆ ಹಣೆಗೆ ಕೈಯಿಟ್ಟು ಸಲಾಂ ಮಾಡಿ ಕಣ್ಣಲ್ಲೇ ನಕ್ಕಿದ್ದ.

ಕೂದಲೆಳೆ ಕಾಣುವವಳಿಗೆ ಬಾಗಿಲಲ್ಲಿ ನಿಂತ ಆರಡಿ ಮನುಷ್ಯ ಕಾಣಲಿಲ್ಲ ಎಂದರೆ ಅವನಾದರೂ ಹೇಗೆ ನಂಬಬೇಕು? 'ಒಪ್ಪಿಗೆ ಇಲ್ಲ ಅಂತ ಮಾರಿ ತಿರುವಿಯೇ ಹೇಳಿಬಿಟ್ಟಳು' ಎಂದುಕೊಂಡ. ಮನೆಯಲ್ಲೂ ಹೇಳಿಕೊಳ್ಳದೆ, ಅಂದಿನಿಂದ ಅಂಗಡಿಯ ಕಡೆ ಸುಳಿಯಲಿಲ್ಲ.

ಮೂರು ವಾರಕ್ಕೆ ಅವನ ತಾಯಿಯ ಕಡೆಯಿಂದ ಮಾತು ಬಂತು. ಸೋಡಾ ಬಾಟಲಿ ತಳದಂಥ ಚಷ್ಮಾ ಹಾಕುತ್ತಾಳಂತೆ, ನೆರೆಯವರು ಹೇಳಿದರು. ಈಗೇನು, ಆಪರೇಷನ್ ಇದೆಯಲ್ಲ! ಕಣ್ಣು ಸರಿ ಮಾಡಿಸಿದರೆ ನಿಕಾಹ ಗೊತ್ತು ಮಾಡೋಣ.

ಬೆಂಚು ಖಾಲಿಯಾಗಿ ಮೂರು ವಾರ... ಮೇಲೆ ಈ ಮಾತು. ಇದು ಅವನದೇ ಶರತ್ತು ಎಂದು ಸಮ್ರೀನಳಿಗೆ ಅನುಮಾನವೇ ಉಳಿಯಲಿಲ್ಲ.

'ಏನ್ ಕಣ್ಣು ನಿಮ್ಮು ಅಂದಿದ್ರಲ್ಲ, ಅರ್ಬಾಜ...' ಅವಳು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಅಮ್ಮಿಗೆ ಹೇಳಿದಳು. "ಹುಬ್ಬಳ್ಳಿಗೆ ಹೋಗೂಣು."

ಹುಬ್ಬಳ್ಳಿಯ ಡಾಕ್ಟರು ಬಹಳ ಹೊತ್ತು ನೋಡಿದರು.

"ಇಷ್ಟು ದೊಡ್ಡ ನಂಬರಿಗೆ ಲೇಸರ್ ಆಗೂದಿಲ್ಲಮ್ಮ. ಕಣ್ಣಿನ ಒಳಗ ಸಣ್ಣ ಲೆನ್ಸ್ ಕೂಡಿಸಬೇಕು. ಚಷ್ಮಾ ಹೋಗ್ತದ, ದೂರದ್ದು ಚಂದ ಕಾಣಸ್ತದ. ಆದ್ರ ಈಗ ಮೂಗಿಗೆ ಹಿಡಿದು ಎಳಿ ನೋಡ್ತೀರಲ್ಲ, ಆ ನೋಟ ಉಳಿಯೂದಿಲ್ಲ."

ಸಮ್ರೀನ ತನ್ನ ಬೆರಳು ನೋಡಿಕೊಂಡಳು.

"ಇನ್ನೊಂದು ಮಾತು. ನಿಮ್ಮ ತಂದಿಯವರ ಕಣ್ಣು ಹೆಂಗ ಹೋತು?"

"ಒಳಗಿನ ಪರದೆ ಹರೀತು ಅಂದ್ರು. ಮೊದಲ ಒಂದು, ಆಮ್ಯಾಲೆ ಇನ್ನೊಂದು. ಆಸ್ಪತ್ರಿಗೆ ಮುಟ್ಟೂದು ತಡಾ ಆತು."

ಡಾಕ್ಟರು ಹೇಳಿದರು. "ನಿಮ್ಮ ಪರದೇನೂ ತೆಳ್ಳಗದ. ಹರೀತದ ಅಂತ ಹೇಳಂಗಿಲ್ಲ, ಹರಿಯಂಗಿಲ್ಲ ಅಂತಾನೂ ಹೇಳಂಗಿಲ್ಲ. ಆಪರೇಷನ್ ಮಾಡಿಸಿದ್ರೂ ಆ ಭಯ ಹೋಗೂದಿಲ್ಲ. ಕಣ್ಣಾಗ ಮಿಂಚು ಹೊಡದಂಗಾದ್ರ, ಕಪ್ಪು ಚುಕ್ಕಿ ಉದುರಿದಂಗಾದ್ರ ತಾಸೂ ತಡಾ ಮಾಡಬ್ಯಾಡ್ರಿ. ಅವತ್ತ ಬರ್ರಿ."

ತಿರುಗಿ ಬರುವ ಬಸ್ಸು ಕಲಘಟಗಿ ದಾಟಿತು.

"ಮಾಡ್ಸಿಬಿಡೂಣು," ಕೊನೆಗೆ ಅಮ್ಮಿ ಪಿಸುಗುಟ್ಟಿದಳು. "ಚಷ್ಮಾ ಹೋದ್ರ ಸಾಕು. ಒಳಗಿನ ಪರದೆ ಯಾರಿಗೆ ಕಾಣ್ತದ? ನಾವು ಹೇಳದಿದ್ರ ಆತು."

ಸಮ್ರೀನ ಕಿಟಕಿಯ ಕಡೆ ತಿರುಗಿದಳು. ಚಷ್ಮಾ ಇಲ್ಲದ ಹುಡುಗಿ ಅರ್ಬಾಜನಿಗೆ ಬೇಕಂತೆ. ಕೊಟ್ಟುಬಿಡಲೇ? ಎಳೆ ಕಾಣುವ ನೋಟ ಹೋದರೆ ಹೋಗಲಿ... ಅವನು ಸಿಗುತ್ತಾನಲ್ಲ!

ಆಪರೇಷನ್ನಿಗೆ ಮುಂದಿನ ಬುಧವಾರ ಗೊತ್ತಾಯಿತು.

ಸೋಮವಾರ ಮಧ್ಯಾಹ್ನ ಅಂಗಡಿಗೆ ಊಟ ತಂದ ಅಮ್ಮಿ, ಎಂದಿನಂತೆ ಅಬ್ಬಾನ ಬೆರಳು ಹಿಡಿದು ರೊಟ್ಟಿ ಎಲ್ಲಿ, ಪಲ್ಯ ಎಲ್ಲಿ ಎಂದು ತಾಟಿನಲ್ಲಿ ತೋರಿಸುತ್ತಿದ್ದಳು. ಹನ್ನೆರಡು ವರ್ಷದಿಂದ ದಿನವೂ ಮೂರು ಹೊತ್ತು ಇದೇ. ಸಮ್ರೀನಳಿಗೆ ತಡೆಯಲಾಗಲಿಲ್ಲ.

"ಅಮ್ಮಿ, ನಿನ್ನ ನಿಕಾಹದಾಗ ಅಬ್ಬಾ ಚಷ್ಮಾ ಹಾಕಿದ್ರ?"

ಅಮ್ಮಿಯ ಕೈ ನಿಂತಿತು. "ಇಲ್ಲ. ಅವರ ಮನಿಯವ್ರು ಮುಚ್ಚಿಟ್ಟಿದ್ರು. ನಾಲ್ಕನೇ ದಿನಕ್ಕ ಗೊತ್ತಾತು."

"ಕಣ್ಣು ಹೋಗಬಹುದು ಅಂತ ಮೊದಲ ತಿಳಿದಿದ್ರ ಆಗ್ತಿದ್ದಿ ಏನು?"

ಅಮ್ಮಿ ಗಂಡನ ಮುಖ ನೋಡಿದಳು. ಸುಳ್ಳು ಹೇಳಬಹುದಿತ್ತು. ಕುರುಡನೆದುರು ಸುಳ್ಳು ಹೇಳುವುದು ಅವಳಿಗೂ ಬೇಡವಾಗಿತ್ತೇನೋ.

"ಆಗ್ತಿರಲಿಲ್ಲ," ಎಂದಳು.

ನಬೀಸಾಬರು ಮುರಿದ ರೊಟ್ಟಿಯನ್ನು ಬಾಯಿಗಿಡದೆ ಹಾಗೆಯೇ ಹಿಡಿದಿದ್ದರು.

"ಖರೇ ಹೇಳಿದಳು," ಎಂದರು ಮೆಲ್ಲಗೆ. "ನಾ ಆಗ ಹೇಳಬೇಕಿತ್ತು. ಧೈರ್ಯ ಆಗಲಿಲ್ಲ. ಆಮ್ಯಾಲಿಂದ ಪ್ರತಿ ಬಟ್ಟಿಗೂ ಒಂದ ಕೆಂಪು ಎಳಿ ಬಿಡಾಕತ್ತೆ."

ಅಮ್ಮಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸಮ್ರೀನ ಫೋನು ಎತ್ತಿಕೊಂಡು ಹೊರಗೆ ಬಂದಳು. ಅರ್ಬಾಜನ ನಂಬರು ಒತ್ತಿದಳು.

"ಅರ್ಬಾಜ... ಒಂದ ಸಲ ಅಂಗಡಿಗೆ ಬಂದು ಹೋಗ್ರಿ. ಆಮ್ಯಾಲೆ ಬರದಿದ್ರೂ ನಡೀತದ."

ಒಂದು ತಾಸಿನಲ್ಲಿ ಬಂದ. ಬೆಂಚಿನ ಮೇಲೆ ಕೂರಲಿಲ್ಲ.

"ಅವತ್ತ ಬಾಗಿಲಾಗ ಸಲಾಂ ಮಾಡಿದ್ರ ಮಾರಿ ತಿರುವಿಕೊಂಡ್ರಿ. ಈಗ್ಯಾಕ ಕರದ್ರಿ?"

"ನೀವಿದ್ರಿ ಅಲ್ಲೆ?!" ಅವಳು ದಂಗಾದಳು. "ನನ್ನ ಚಷ್ಮಾ ಅಕ್ಕಿ ಡಬ್ಬಿಯಾಗಿತ್ತು ಅರ್ಬಾಜ! ಅದಿಲ್ಲಂದ್ರ ಒಂದು ಗೇಣಿನ ಆಚೆ ನಂಗ ಏನೂ ಕಾಣಂಗಿಲ್ಲ."

"ಮತ್ತ ಎಳಿ...?"

"ಎಳಿ ಅಷ್ಟ ಕಾಣ್ತದ."

ಅವನು ಬೆಂಚಿಗೆ ಕುಸಿದ. ಆಪರೇಷನ್ ಶರತ್ತು ಕೇಳಿ ಇನ್ನೂ ಬೆಪ್ಪಾದ. ತಾಯಿ ಅವನಿಗೆ ಒಂದು ಮಾತೂ ಹೇಳಿರಲಿಲ್ಲ! "ನಿಮ್ಮ ಚಷ್ಮಾ ನಂಗೇನ್ ಅಡ್ಡ ಬಂದಿತ್ರಿ..." ಎಂದು ನಗಲು ಹೊರಟವನನ್ನು ಅವಳು ಕೈಯೆತ್ತಿ ತಡೆದಳು.

"ಪೂರಾ ಕೇಳ್ರಿ. ಒಳಮಗ್ಗುಲಿಂದೂ ಕೇಳ್ರಿ."

ಡಾಕ್ಟರು ಹೇಳಿದ್ದೆಲ್ಲ ಹೇಳಿದಳು. ಒಂದು ದಿನ ತನ್ನ ಕಣ್ಣೂ ಅಬ್ಬಾನ ಕಣ್ಣಿನಂತೆ ಆರಿಹೋಗಬಹುದು ಎಂದಳು. ಅಮ್ಮಿಯ ಉತ್ತರವನ್ನೂ ಬಿಡಲಿಲ್ಲ. "ಆಪರೇಷನ್ ಮಾಡಿಸಿದ್ರ ಇದೆಲ್ಲಾ ಮುಚ್ಚಿಹೋಗತಿತ್ತು. ಅದಕ್ಕ ಬ್ಯಾಡ ಅನ್ನಿಸ್ತು."

ಅರ್ಬಾಜನ ನಗು ಇಳಿಯಿತು. ಮೂಲೆಯಲ್ಲಿ ಕೂತ ನಬೀಸಾಬರ ಕಡೆ ಬಹಳ ಹೊತ್ತು ನೋಡಿದ. ಎದ್ದು ಹೋದ.

ಸಮ್ರೀನ ಕರೆಯಲಿಲ್ಲ. 'ಅಮ್ಮಿಯೂ ಇದನ್ನೇ ಮಾಡ್ತಿದ್ದಳಲ್ಲ...' ಎಂದು ಸೂಜಿ ಎತ್ತಿಕೊಂಡಳು. ಕಣ್ಣೀರಿಗೆ ಎಳೆ ಕಾಣಲಿಲ್ಲ.

ಮಂಗಳವಾರ ಬರಲಿಲ್ಲ. ಬುಧವಾರ ಆಪರೇಷನ್ನಿನ ಹೊತ್ತು ಕಳೆಯಿತು, ಅವಳು ಹುಬ್ಬಳ್ಳಿಗೆ ಹೋಗಲಿಲ್ಲ. ಗುರುವಾರ ಮಧ್ಯಾಹ್ನ ಅಂಗಡಿಯ ಮುಂದೆ ಬೈಕು ನಿಂತಿತು. ಮೈಯೆಲ್ಲ ಧೂಳು, ಕಣ್ಣು ಕೆಂಪು.

"ಒಂದು ತಾಸು ನಲವತ್ತು ನಿಮಿಷ," ಎಂದ ಅರ್ಬಾಜ.

"ಏನ್ರಿ?"

"ನಮ್ಮ ಮನಿಯಿಂದ ಹುಬ್ಬಳ್ಳಿ ಆಸ್ಪತ್ರಿಗೆ. ಧಾರವಾಡ ಮ್ಯಾಲೆ ಒಮ್ಮೆ ಹೋದೆ, ಕಲಘಟಗಿ ಮ್ಯಾಲೆ ಎರಡು ಸಲ ಹೋದೆ. ಕಲಘಟಗಿ ದಾರೀನ ಚಲೋ, ಬೇಗ ಮುಟ್ಟಸ್ತದ." ಅವನು ಬೆಂಚಿನ ಮೇಲೆ ಕೂತ. "ನಿಮ್ಮ ಕಣ್ಣಾಗ ಮಿಂಚು ಹೊಡೀತಂದ್ರ ತಡಾ ಆಗಬಾರದಲ್ಲ..."

ಅವಳ ಕೈಯಿಂದ ಬಟ್ಟೆ ಜಾರಿತು.

"ಭಯಾ ಆಗೇತಿ ಸಮ್ರೀನ. ಆಗಿಲ್ಲ ಅಂತ ಸುಳ್ಳು ಹೇಳಂಗಿಲ್ಲ. ನಮ್ಮ ಅಮ್ಮಿ ನನ್ನ ಜೋಡಿ ಮಾತು ಬಿಟ್ಟಾಳ. ಮುಂದ ಹೆಂಗೋ ಏನೋ. ಆದ್ರ ನಿಮ್ಮನ್ನ ಬಿಟ್ಟು ಇರಾಕ ಆಗಂಗಿಲ್ಲ. ಅದೂ ಖರೇ."

"ಚಷ್ಮಾ ತಗಿಯಂಗಿಲ್ಲ ನಾನು. ಕಾಣೂತನಕ ಎಳಿ ನೋಡಬೇಕು ನಂಗ," ಅವಳು ಬಿಕ್ಕುತ್ತ ಹೇಳಿದಳು.

"ತಗೀಬ್ಯಾಡ. ಹಾಕ್ಕೊಂಡ ನಿಕಾಹಕ್ಕ ಕೂಡು. ಬಾಗಿಲಾಗ ನಿಂತವ್ರೆಲ್ಲಾ ಕಾಣಲಿ!"

ಅತ್ತ ಮುಖದಲ್ಲೇ ಅವಳಿಗೆ ನಗು ಬಂತು. 'ನೀವು' ಯಾವಾಗ 'ನೀನು' ಆಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ಮೂಲೆಯಲ್ಲಿ ನಬೀಸಾಬರು ಗೋಡೆಯ ಕಡೆ ತಿರುಗಿ ಕೂತರು. ಕಣ್ಣಿಲ್ಲದವರು ಹಾಗೇಕೆ ತಿರುಗಬೇಕೋ ಅವರಿಗೇ ಗೊತ್ತು.

ಸಮ್ರೀನ ಒದ್ದೆಯಾದ ಕನ್ನಡಕ ತೆಗೆದು ಒರೆಸತೊಡಗಿದಳು.

"ಈಗ ನಾ ಕಾಣ್ತೀನೇನು?" ಎಂದ.

"ಇಲ್ಲ."

"ಎಷ್ಟು ಹತ್ರ ಬರಬೇಕು?"

ಅವಳು ಕೌಂಟರಿನ ಮೇಲೆ ಕೈ ಚಾಚಿ, ಹೆಬ್ಬೆರಳಿನಿಂದ ಕಿರುಬೆರಳಿಗೆ ಅಳೆದು ತೋರಿಸಿದಳು.

"ಇಷ್ಟು."